ಗೊತ್ತುಜ್ಜಿ ಎಂಬ ಬಳ್ಳಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು. ಗಿಡವನ್ನು ಒಣಗಿಸಿ, ಹಾಳೆಗೆ ಹೊಲಿದು, ಚೀಟಿ ಅಂಟಿಸಿದ ಮೇಲೆಯೇ ನಂಬುವ ಜಾತಿ ನನ್ನದು. ಆದ್ದರಿಂದ ನೀವು ಇದನ್ನು ನಂಬಲೇಬೇಕೆಂಬ ಹಟ ನನಗಿಲ್ಲ.

ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ ಉಡುಪಿಯ ಒಂದು ಕಾಲೇಜಿನಲ್ಲಿ ಒಣಗಿಡಗಳ ಹಾಳೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಒಂದು ಕಾಡು ಅವರೆಯ ಹಾಳೆಯಲ್ಲಿ ಗಿಡವನ್ನು ಹುಳು ತಿಂದು ಚೀಟಿ ಮಾತ್ರ ಉಳಿದಿತ್ತು. ಹತ್ತು ವರ್ಷ ಹಿಂದೆ ಅದನ್ನು ಕಾಪುವಿನಿಂದ ತಂದವರು ನನ್ನ ಮೇಷ್ಟ್ರು. ಘಟ್ಟದ ಮೇಲಿನವರು, ತುಳು ಬಾರದು. ಚೀಟಿಯಲ್ಲಿ ‘ಊರ ಹೆಸರು’ ಎಂಬಲ್ಲಿ ‘ಗೊತ್ತುಜ್ಜಿ’ ಎಂದು ಬರೆದಿದ್ದರು. ಯಾರನ್ನೋ ಹೆಸರು ಕೇಳಿರಬೇಕು, ಅವರು ತುಳುವಿನಲ್ಲಿ ‘ಗೊತ್ತುಜ್ಜಿ’, ಅಂದರೆ ‘ಗೊತ್ತಿಲ್ಲ’, ಎಂದಿರಬೇಕು! ಎರ್ಮಾಳಿನ ತುಳುವನಾದ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಅವರಿಗೆ ಮಾತ್ರ ಹೇಳಿರಲಿಲ್ಲ.

ಗಿಡವಿಲ್ಲದ ದಾಖಲೆಯನ್ನು ಪಟ್ಟಿಯಿಂದ ತೆಗೆಯುವುದೆಂದು ತೀರ್ಮಾನವಾಯಿತು. ಮೇಷ್ಟ್ರು ಆಗ ಕಾರ್ಕಳದಲ್ಲಿ ಹಾಸಿಗೆ ಹಿಡಿದಿದ್ದರು. ಜೀವಮಾನದಲ್ಲಿ ಅವರು ಹೊಸದಾಗಿ ಕಂಡುಹಿಡಿದದ್ದು ಆ ಬಳ್ಳಿ ಒಂದೇ. ನನಗೆ ಸಂಕಟವಾಯಿತು. ಅದನ್ನು ಹುಡುಕಿಕೊಂಡು ಕಾಪುವಿಗೆ ಹೋದೆ.

ಮಧ್ಯಾಹ್ನದ ಬಿಸಿಲಿಗೆ ಮರಳು, ನೀರು, ಆಕಾಶ ಎಲ್ಲ ಒಂದೇ ಬಣ್ಣವಾಗಿದ್ದವು. ಕಡಲಿನ ಸದ್ದು ಕೂಡ ಎಲ್ಲಿಯೋ ದೂರದಲ್ಲಿತ್ತು. ಕೇದಗೆ ಪೊದೆಯ ಹತ್ತಿರ ಒಬ್ಬಳು ಹೆಂಗಸು ತೆಂಗಿನ ಒಣ ಮಡಲುಗಳನ್ನು ಹೊರೆ ಕಟ್ಟುತ್ತಿದ್ದಳು. ಎಡಗೈಗೆ ನೀಲಿ ಬಟ್ಟೆ ಸುತ್ತಿಕೊಂಡಿದ್ದಳು. ನಾನು ಬಾಯಿ ತೆರೆಯುವ ಮೊದಲೇ, “ಗೊತ್ತುಜ್ಜಿ ಬೋಡಾ?” ಎಂದಳು. ಬೇಕಾ ಎಂದು ಕೇಳುತ್ತಿದ್ದಾಳೆ! ಪೊದೆ ಸರಿಸಿ ತೋರಿಸಿದಳು. ನೇರಳೆ ಹೂ ಬಿಟ್ಟ ಬಳ್ಳಿ. ನಾನು ಒಂದು ಕವಲನ್ನು ಕೊಯ್ದು ಪೇಪರಿನ ನಡುವೆ ಇಟ್ಟುಕೊಂಡು ಹೊರಟಾಗಲೂ ಅವಳು ಹೊರೆ ಕಟ್ಟುತ್ತಲೇ ಇದ್ದಳು.

ಸಂಜೆಯ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ ಬಳ್ಳಿಯನ್ನು ಮೇಷ್ಟ್ರ ಕೈಯಲ್ಲಿಟ್ಟೆ. ಅವರ ಕಣ್ಣು ತುಂಬಿತು. ಹೂವನ್ನು ಬೆರಳಿನಿಂದ ಸವರುತ್ತಾ, “ಆಕೆ ಕೈ ಗಾಯ ಇನ್ನೂ ಮಾಗಿಲ್ಲವೇನಯ್ಯಾ? ಅವತ್ತು ಮಡಲು ಕಡಿಯುವಾಗ ಕತ್ತಿ ತಾಗಿತ್ತು. ನನ್ನ ನೀಲಿ ಕರವಸ್ತ್ರಾನೇ ಕಟ್ಟಿದ್ದೆ” ಎಂದರು.

ನಾನು ಆ ಹೆಂಗಸಿನ ಮಾತೇ ಎತ್ತಿರಲಿಲ್ಲ.

ಆ ವಾರವೇ ಮೇಷ್ಟ್ರು ತೀರಿಕೊಂಡರು. ದಾಖಲೆ ಮಾತ್ರ ಪಟ್ಟಿಯಲ್ಲಿ ಉಳಿಯಿತು. ಆಮೇಲೆ ಕಾಪುವಿನಲ್ಲಿ ಮನೆಮನೆಗೆ ಹೋಗಿ ಅವಳನ್ನೂ ಬಳ್ಳಿಯ ಹೆಸರನ್ನೂ ವಿಚಾರಿಸಿದೆ. ಎಲ್ಲರೂ ಒಂದೇ ಮಾತು ಹೇಳಿದರು: “ಗೊತ್ತುಜ್ಜಿ.” ಹೊಸ ಚೀಟಿ ಬರೆಯುವಾಗ ‘ಊರ ಹೆಸರು’ ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ ಮೇಷ್ಟ್ರು ಬರೆದದ್ದನ್ನೇ ಬರೆದೆ. ಅವಳು ಯಾರೆಂದು ನೀವು ಕೇಳಿದರೆ, ಇವತ್ತಿಗೂ ನನ್ನ ಉತ್ತರ ಅದೇ.