ಕಾಮಾಲಿ ಅಲ್ರೀ ಡಾಕ್ಟ್ರೇ

ನಮ್ಮ ದೊಡ್ಡವ್ವನ ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ತೂರುವಷ್ಟು ಸಂದಿತ್ತು. ಮಾತಾಡಿದರೆ ಸಣ್ಣ ಸಿಳ್ಳೆಯೊಂದು ಜೊತೆಗೇ ಹೊರಡುತ್ತಿತ್ತು. ಪಿಸುಗುಟ್ಟುವ ವಿದ್ಯೆಯಂತೂ ಆಕೆಗೆ ಹತ್ತಲೇ ಇಲ್ಲ. ಕಂಪ್ಲಿಯ ಬಾಳೆತೋಟದಲ್ಲಿ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಪಳಗಿದ ಗಂಟಲು. ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳಬೇಕು. ನನ್ನ ಬದುಕಿನ ದೊಡ್ಡ ಗುಟ್ಟು ಇಂಥವಳ ಬಾಯಲ್ಲಿತ್ತು, ನೋಡಿ ನನ್ನ ಗ್ರಹಚಾರ!

ಏಳು ವರ್ಷದವಳಿದ್ದಾಗ ನನಗೆ ಬ್ಲಡ್ ಕ್ಯಾನ್ಸರ್ ಆಗಿತ್ತು. ಅವ್ವನ ಮಡಿಲಲ್ಲಿ ಆಗ ಹಸುಗೂಸು. ಹಾಗಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ನನ್ನ ಮಂಚದ ಪಕ್ಕ ಇದ್ದವಳು ಅಪ್ಪನ ಅಣ್ಣನ ಹೆಂಡತಿಯಾದ ಈ ದೊಡ್ಡವ್ವ. ವಾಂತಿ ಬಳಿದಳು, ನನ್ನನ್ನು ನಗಿಸಲು ಡಾಕ್ಟರುಗಳನ್ನು ಅಣಕಿಸಿದಳು. ಗುಣವಾಗಿ ಸಂಡೂರಿಗೆ ಮರಳಿದ ಮೇಲೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಾಯಿತು: ಆ ರೋಗದ ಹೆಸರು ಎತ್ತಬಾರದು. ಕೇಳಿದವರಿಗೆ ಕಾಮಾಲೆ ಆಗಿತ್ತು ಅನ್ನಬೇಕು. ಹೆಣ್ಣುಮಗು, ನಾಳೆ ಯಾರು ಮಾಡಿಕೊಳ್ಳುತ್ತಾರೆ? ನೆಂಟರಿಗೆ, ಶಾಲೆಯಲ್ಲಿ, ಓಣಿಯಲ್ಲಿ ಹೇಳಿ ಹೇಳಿ ಕೊನೆಗೆ ನನಗೇ ಅದು ನಿಜವೆನ್ನಿಸತೊಡಗಿತು.

ದೊಡ್ಡವ್ವ ಮಾತ್ರ ಈ ಕಟ್ಟಳೆಗೆ ಸೊಪ್ಪು ಹಾಕಲಿಲ್ಲ. ರೋಗ ಕೊಂದ ಔಷಧಿ ಹೃದಯಕ್ಕೂ ತಾಗಿರಬಹುದು, ಜೀವನಪೂರ್ತಿ ತಪ್ಪದೆ ಪರೀಕ್ಷೆ ಮಾಡಿಸುತ್ತಿರಬೇಕೆಂದು ಡಾಕ್ಟರು ಹೇಳಿದ್ದರು. "ಬಾಳಿ ಗಿಡಕ್ಕ ಔಸದಿ ಹೊಡದ್ರ ಹುಳಾ ಸಾಯ್ತಾವ, ನೆಲಕ್ಕೂ ಒಂದೀಟು ತಾಗ್ತೈತಿ. ನೋಡ್ಕೋಬೇಕವ್ವ," ಎಂದು ಪ್ರತಿವರ್ಷ ತಾನೇ ನನ್ನನ್ನು ಹೊರಡಿಸುತ್ತಿದ್ದಳು. ಬಸ್ಸಿನಲ್ಲಿ ಪಕ್ಕದವರು "ಎಲ್ಲಿಗ್ರಿ?" ಅಂದರೆ ಸಾಕು, "ಈಕಿಗೆ ಕ್ಯಾನ್ಸರ್ ಆಗಿತ್ರಿ, ಗೆದ್ದು ಬಂದಾಳ!" ಎಂದು ಸಾರುತ್ತಿದ್ದಳು, ನಾನೇನೋ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಂತೆ. ನಾನು ಕಿಟಕಿಗೆ ಮುಖ ತಿರುಗಿಸಿ, ಆಕೆ ಯಾರೋ ಏನೋ ಎಂಬಂತೆ ಕೂತುಬಿಡುತ್ತಿದ್ದೆ.

ಹೊಸಪೇಟೆಯ ಸಂಬಂಧ ಕೂಡಿಬಂದಾಗ ಅವ್ವ ದೊಡ್ಡವ್ವನ ಕೈ ಹಿಡಿದು, "ಅಕ್ಕಾ, ಲಗ್ನ ಮುಗಿಯೋಮಟ ಬಾಯಿಗೆ ಬೀಗ ಹಾಕ್ಕೋ," ಎಂದು ಬೇಡಿಕೊಂಡಳು. ದೊಡ್ಡವ್ವ ಮದುವೆಯುದ್ದಕ್ಕೂ ಬಾಯಿತುಂಬ ಎಲೆಅಡಿಕೆ ತುರುಕಿಕೊಂಡು ಬರೀ ತಲೆಯಾಡಿಸಿದಳು. ಪಾಪ, ಆಕೆಗೆ ಅದೂ ಒಂದು ಉಪವಾಸವೇ. ಮದುವೆಯ ನಂತರ ನನ್ನ ಪರೀಕ್ಷೆ ನಿಂತುಹೋಯಿತು. ಗಂಡನ ಮನೆಯಲ್ಲಿ ಏನೆಂದು ಹೇಳಿ ಹೊರಡಲಿ?

ಬಸುರಿಯಾದೆ. ಏಳನೇ ತಿಂಗಳಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು, ಕಾಲು ತುಂಬ ಬಾವು. "ಬಸುರಿ ಅಂದ್ಮ್ಯಾಲ ಇವೆಲ್ಲ ಇದ್ದದ್ದ," ಅಂದರು ಅತ್ತೆ. ನನಗೆ ಒಳಗೊಳಗೇ ಅನುಮಾನವಿತ್ತು, ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ದೊಡ್ಡವ್ವ ಬಸುರಿಯ ಬಯಕೆಗೆಂದು ಬುತ್ತಿ ಕಟ್ಟಿಕೊಂಡು ಬಂದಳು. ಮಲಗಲಾರದೆ ದಿಂಬುಗಳಿಗೆ ಒರಗಿ ತೂಕಡಿಸುತ್ತಿದ್ದ ನನ್ನನ್ನು ನೋಡಿದವಳು ಬುತ್ತಿಯ ಗಂಟನ್ನೂ ಬಿಚ್ಚಲಿಲ್ಲ. "ನಡಿ ದವಾಖಾನಿಗೆ," ಅಂದಳು. ಅತ್ತೆಯೂ ಜೊತೆಗೆ ಹೊರಟರು.

"ಚಿಕ್ಕವರಿದ್ದಾಗ ಏನಾದರೂ ದೊಡ್ಡ ಕಾಯಿಲೆ ಆಗಿತ್ತಾ?" ಡಾಕ್ಟರು ಕೇಳಿದರು.

"ಕಾಮಾಲಿ," ಅಂದೆ. ಉಸಿರು ಸಿಗದ ಹೊತ್ತಿನಲ್ಲೂ ನಾಲಿಗೆಗೆ ಅದೇ ಬಂತು.

"ಎಲ್ಲೀ ಕಾಮಾಲಿನ ನಿಂದು!" ದೊಡ್ಡವ್ವ ಎದ್ದೇ ನಿಂತಳು. "ಕಾಮಾಲಿ ಅಲ್ರೀ ಡಾಕ್ಟ್ರೇ, ಬ್ಲಡ್ ಕ್ಯಾನ್ಸರ್! ಕೆಂಪು ಔಸದಿ ಏರಿಸಿದ್ರು. ಹಾರ್ಟ್ ನೋಡಸ್ಕೊಂತ ಇರ್ರಿ ಅಂದಿದ್ರು. ಲಗ್ನಾದಾಗಿಂದ ಈಕಿ ನೋಡಸಿಲ್ಲ."

ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಕತ್ತು ಚಾಚಿದರು. ಅತ್ತೆಯ ಮುಖ ಕಪ್ಪಿಟ್ಟಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. "ಮರ್ಯಾದಿ ಕಳದಿ ದೊಡ್ಡವ್ವ. ಇನ್ನ ನಮ್ಮನಿಗೆ ಬರಬ್ಯಾಡ," ಎಂದು ಹಲ್ಲು ಕಚ್ಚಿ ಅಂದೆ.

"ಬರಂಗಿಲ್ಲ ಬಿಡು. ನೀ ಉಳದ್ರ ಸಾಕು." ಅದನ್ನೂ ಹೊರಗಿನವರಿಗೆ ಕೇಳುವ ಹಾಗೆಯೇ ಅಂದಳು.

ಸ್ಕ್ಯಾನ್ ಮಾಡಿದರೆ ಹೃದಯ ಸೋತಿತ್ತು. ಅಂದೇ ನನ್ನನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಇನ್ನಷ್ಟು ತಡವಾಗಿದ್ದರೆ ತಾಯಿ, ಮಗು ಇಬ್ಬರೂ ದಕ್ಕುತ್ತಿರಲಿಲ್ಲ ಎಂದರು ಅಲ್ಲಿನವರು. ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು, ಉಳಿದಳು. ನಾನು ಇಂದಿಗೂ ಗುಳಿಗೆ ನುಂಗುತ್ತೇನೆ. ಅತ್ತೆ ಬಹಳ ದಿನ ನಮ್ಮ ಅವ್ವನೊಡನೆ ಮಾತು ಬಿಟ್ಟಿದ್ದರು. ನನಗೆ ಗುಳಿಗೆ ನೆನಪಿಸುವುದನ್ನು ಮಾತ್ರ ಬಿಡಲಿಲ್ಲ. ದೊಡ್ಡವ್ವ ಆಡಿದಂತೆಯೇ ನಮ್ಮ ಮನೆಗೆ ಬರಲಿಲ್ಲ. ನಾನೇ ಹೋಗಿ ಕರೆತರಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ ಎಂದು ನಾಳೆ, ನಾಡಿದ್ದು ಅನ್ನುತ್ತಲೇ ಇದ್ದೆ. ಹೊಸಪೇಟೆಯಿಂದ ಕಂಪ್ಲಿ ಎಷ್ಟು ದೂರ ಹೇಳಿ! ಒಂದು ಬೆಳಿಗ್ಗೆ ಆಕೆ ಹೋದಳೆಂಬ ಸುದ್ದಿಯೇ ಬಂತು.

ಮಣ್ಣು ಮುಗಿಸಿ ಬಂದು ದೊಡ್ಡವ್ವನ ಮನೆಯಂಗಳದಲ್ಲಿ ಕೂತಿದ್ದೆವು. ಆ ಓಣಿಯ ಹೆಂಗಸೊಬ್ಬಳು, ತಲೆಗೆ ಸ್ಕಾರ್ಫ್ ಕಟ್ಟಿದ್ದ ಪುಟ್ಟ ಮಗಳ ಕೈಹಿಡಿದು ನನ್ನ ಹತ್ತಿರ ಬಂದಳು. "ನಿಮಗೂ ಇಕಿಗೆ ಆದಂಗ ಆಗಿತ್ತಂತ. ನಿಮ್ಮ ದೊಡ್ಡವ್ವಾರು ಹೇಳ್ತಿದ್ರು. ಖರೇನ್ರಿ?"

ಪಕ್ಕದಲ್ಲಿದ್ದ ಅವ್ವ ನನ್ನ ಮೊಣಕೈ ಹಿಂಡಿದಳು. ನಾನು ಸುತ್ತ ಯಾರು ಯಾರಿದ್ದಾರೆಂದು ನೋಡಿದೆ. ಆಗಲೂ ನೋಡಿದೆನಲ್ಲ, ಥೂ ನನ್ನ ಜನ್ಮಕ್ಕೆ! "ಹೌದ್ರಿ," ಅಂದೆ. ನನಗೇ ಕೇಳಿಸಲಿಲ್ಲ.

"ಏನಂದ್ರಿ?"

ಕಿವಿ ಬಿಸಿಯಾಗಿದ್ದವು. ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ, ನನಗೂ ಕ್ಯಾನ್ಸರ್ ಆಗಿತ್ತು," ಅಂದೆ, ಅಂಗಳದವರೆಲ್ಲ ತಿರುಗಿ ನೋಡುವಂತೆ. "ಗುಣ ಆತಂತ ಬಿಡಬ್ಯಾಡ್ರಿ. ವರ್ಷಾ ವರ್ಷಾ ತೋರಸ್ರಿ. ಜೊತಿಗೆ ಯಾರೂ ಇಲ್ಲಂದ್ರ ನನಗ ಹೇಳ್ರಿ, ನಾ ಬರ್ತೀನಿ."