ಎರಡಿಂಚು ಹೆಚ್ಚಿಗೆ

ಹಳೇ ಮನೆಯ ಮಲಗುವ ಕೋಣೆಯ ಗೋಡೆ ಬೀರುವಿಗೆ ಗೆದ್ದಲು ಹಿಡಿದಾಗ, ಹೊಸ ಹಲಗೆಗಳಿಗೆ ಅಳತೆ ತೆಗೆದವರು ಮನೆಯ ಯಜಮಾನರೇ. ಜೀವಮಾನವೆಲ್ಲ ಹೊಲಿಗೆ ಅಂಗಡಿ ನಡೆಸಿದವರು. ಕೊರಳಲ್ಲಿ ಟೇಪು ಇಲ್ಲದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಗಿರಾಕಿ ಮುಂದೆ ದಪ್ಪಗಾದರೆ ಇರಲಿ ಎಂದು ಪ್ರತಿ ಬಟ್ಟೆಗೂ ಎರಡಿಂಚು ಹೆಚ್ಚಿಗೆ ಬಿಡುವುದು ಅವರ ರೂಢಿ. ಕೈಗೆ ಅಂಟಿದ ಅಭ್ಯಾಸ ಬಿಡಬೇಕಲ್ಲ, ಹಲಗೆಗೂ ಎರಡಿಂಚು ಬಿಟ್ಟು ಅಳತೆ ಹೇಳಿದರು.

ಬಡಗಿ ಹಾಗೇ ಕೊಯ್ದು ತಂದ. ಒಂದು ಹಲಗೆಯೂ ಒಳಗೆ ಹೋಗಲಿಲ್ಲ.

"ತುದಿ ಕೊಯ್ದ್ರೆ ಆಯ್ತು, ಯಜಮಾನ್ರೇ," ಎಂದು ಅವನು ಗರಗಸ ಎತ್ತಿಕೊಂಡ.

ಕೋಪವಂತೂ ಯಜಮಾನರಿಗೆ ಮೂಗಿನ ತುದಿಯಲ್ಲೇ. ಬಿಟ್ಟ ಎರಡಿಂಚನ್ನು ಕತ್ತರಿಸುವುದೆಂದರೆ ಅವರ ಕಸುಬಿಗೇ ಅವಮಾನ. ಉಳಿ, ಸುತ್ತಿಗೆ ಹಿಡಿದು ಬೀರುವಿನ ಎರಡೂ ಪಕ್ಕದ ಗೋಡೆಯನ್ನು ಕೆತ್ತತೊಡಗಿದರು. ಸಂಜೆಯ ಹೊತ್ತಿಗೆ ಹಾಸಿಗೆಯ ಮೇಲೆಲ್ಲ ಇಟ್ಟಿಗೆ ಪುಡಿ. ಹಲಗೆಗಳು ಮಾತ್ರ ಜಪ್ಪಯ್ಯ ಅಂದರೂ ಅಲುಗದಂತೆ ಕೂತಿದ್ದವು.

ಹೆಂಡತಿ ಪೊರಕೆ ಹಿಡಿದು ಬಂದರು. "ಹಲಗೇನ ಕೊಯ್ದಿದ್ರೆ ಮುಗೀತಿತ್ತಲ್ರೀ?"

"ದಪ್ಪಗಾದೋರು ಎಷ್ಟೋ ಜನ ಅಂಗಡಿಗೆ ಬಂದಿದ್ರು," ಎಂದರು ಯಜಮಾನರು, ಟೇಪು ಸುತ್ತುತ್ತ. "ಹೊಲಿಗೆ ಬಿಚ್ಚಿ ಅಗಲ ಮಾಡ್ಕೊಟ್ಟಿದೀನಿ. ಯಾರನ್ನೂ ಕೊಯ್ದಿಲ್ಲ."