ಕನ್ನಡಕದಲ್ಲಿ ದೋಷವಿರಲಿಲ್ಲ

"ಕಡ್ಡಿ ಸಡಿಲ ಆಗೈತೆ ಸಾರ್, ಅದ್ಕೇ ಸೂಜಿಗೆ ದಾರ ಪೋಣ್ಸಾಕೆ ಆಗ್ತಿಲ್ಲ" ಎನ್ನುತ್ತಾ ಗೆಂಡೆಹಳ್ಳಿಯಲ್ಲಿ ರವಿಕೆ ಹೊಲಿಯುವ ಜಯಮ್ಮ, ಬೇಲೂರಿನ ನನ್ನ ಕನ್ನಡಕದಂಗಡಿಯ ಮೇಜಿನ ಮೇಲೆ ತಮ್ಮ ಕನ್ನಡಕ ಬಿಚ್ಚಿಟ್ಟರು.

ಕಡ್ಡಿಯ ಕೀಲಿನ ಸ್ಕ್ರೂ ಬಿಗಿ ಮಾಡಿದೆ. ಮೂಗಿನ ಮೇಲೆ ಕೂರುವ ಪುಟ್ಟ ಪ್ಯಾಡುಗಳೂ ಸವೆದಿದ್ದವು. ಅವು ಸವೆದರೆ ಫ್ರೇಮು ಜಾರಿ ಗಾಜು ಕಣ್ಣಿನ ನೇರಕ್ಕೆ ನಿಲ್ಲುವುದಿಲ್ಲ ಎಂದು ವಿವರಿಸಿ ಹೊಸದು ಹಾಕಿದೆ. ಅವರು ಆಸೆಯಿಂದ ಹಾಕಿಕೊಂಡು ಗೋಡೆಯ ಅಕ್ಷರ ನೋಡಿದರು. ಮತ್ತೆ ಅದೇ ಮಬ್ಬು. ಗಾಜು ಪರೀಕ್ಷಿಸಿದೆ, ಅದೂ ಸರಿಯಾಗಿತ್ತು. ಅನುಮಾನ ಬಂದು ಎಡಗಣ್ಣು ಮುಚ್ಚಿಕೊಳ್ಳಲು ಹೇಳಿದೆ. ಎದುರಿಗೆ ಹಿಡಿದ ನನ್ನ ಬೆರಳುಗಳು ಅವರ ಬಲಗಣ್ಣಿಗೆ ಕಾಣಲೇ ಇಲ್ಲ. ಆ ಕಣ್ಣು ಹೋಗಿರುವುದು ಅದುವರೆಗೆ ಅವರಿಗೇ ಗೊತ್ತಿರಲಿಲ್ಲ.

ಹಾಸನಕ್ಕೆ, ಕಣ್ಣಿನ ಡಾಕ್ಟರ ಬಳಿ ಕಳುಹಿಸಿದೆ. ವಾರದ ನಂತರ ಚೀಟಿ ಹಿಡಿದು ಬಂದರು. ಕಣ್ಣಿನೊಳಗಿನ ಒತ್ತಡಕ್ಕೆ ಬಲಗಣ್ಣಿನ ನರ ಸತ್ತಿದೆ, ಎಡಗಣ್ಣಿನದೂ ಬಹುಪಾಲು ಹಾಳಾಗಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

"ಕನ್ನಡಕದ ಪಾರ್ಟೆಲ್ಲಾ ನಿಮ್ಮತ್ರ ಸಿಗ್ತೈತಲ್ಲಾ ಸಾರ್, ಈ ನರ ಎಲ್ಲೂ ಸಿಗಾಕಿಲ್ವಾ?" ಎಂದು ಕೇಳಿದರು.

ಹಿಂದಿನ ವರ್ಷವೂ ಅವರು ಮಬ್ಬೆಂದು ಬಂದಿದ್ದರು. ಅಂಗಡಿಯಲ್ಲಿ ಜನ ತುಂಬಿದ್ದರೆಂದು ಒಂದೊಂದೇ ಕಣ್ಣು ಪರೀಕ್ಷಿಸದೆ, ಗಾಜಿನ ನಂಬರು ಏರಿಸಿ ಕಳುಹಿಸಿದವನು ನಾನೇ. ಅಂದೇ ಡಾಕ್ಟರಿಗೆ ತೋರಿಸಲು ಹೇಳಿದ್ದರೆ ಆ ಕಣ್ಣು ಉಳಿಯುತ್ತಿತ್ತೇನೋ. ಅದನ್ನು ಅವರಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.